ಬಾಯಿಪಾಠದ ಹಿಂದೆ ಅಡಗಿದ ಮಗು

ಪ್ರೀತಿಯ ಟೀಚರೇ,

ಕೇರಳದ ಕಾಸರಗೋಡಿನ ಬಳಿಯ ಕುಂಬಳೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ 6 ವರ್ಷ ಕಲಿಸಿ ಈಗ ಲೆಸ್ಟರ್‌ಗೆ ಬಂದಿರುವ ನೀವು, ಓದಲು ಕಷ್ಟಪಡುವ ಮಕ್ಕಳಿಗೆ ನೆರವಾಗುವ ಕೆಲಸ ಇಲ್ಲಿ ದೊರೆಯುವುದೇ, ಕನ್ನಡದಲ್ಲಿ ಕಲಿಸಿದ ಅನುಭವಕ್ಕೆ ಬೆಲೆಯಿದೆಯೇ ಎಂದು ಕೇಳಿದ್ದೀರಿ. 22 ವರ್ಷಗಳಿಂದ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಇದೇ ಕೆಲಸ ಮಾಡುತ್ತಿರುವ ನಾನು ಖಂಡಿತ ಬೆಲೆಯಿದೆ ಎನ್ನುತ್ತೇನೆ. ಏಕೆಂದು ತಿಳಿಯಲು ಬದಿಯಡ್ಕದ ಕಡೆಯ ಒಬ್ಬ ಹುಡುಗನ ವಿಷಯ ಹೇಳಬೇಕು.

ಊರಿನಲ್ಲಿ ನನ್ನ ಮೂರನೆಯ ತರಗತಿಯಲ್ಲಿದ್ದ ಅವನು ಪಾಠವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸುತ್ತಿದ್ದ. ಒಂದು ದಿನ ಪಕ್ಕದಲ್ಲಿ ನಿಂತು ನೋಡಿದೆ. ಬಾಯಿ ಕೊನೆಯ ಸಾಲನ್ನು ಹೇಳುತ್ತಿತ್ತು, ಬೆರಳು ಇನ್ನೂ ಮೊದಲ ಸಾಲಿನಲ್ಲೇ ಇತ್ತು. ‘ಪುಸ್ತಕ’ ಎಂದು ಕರಿಹಲಗೆಯ ಮೇಲೆ ಬಿಡಿಯಾಗಿ ಬರೆದು ತೋರಿಸಿದರೆ ಒತ್ತಕ್ಷರದ ಬಳಿ ತಡವರಿಸಿ ನಿಂತುಬಿಟ್ಟ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಮಗುವಿಗೆ ಭಾಷೆಗಳೇ ಹೆಚ್ಚಾದವೆಂದು ತಿಳಿದು ನಾನು ಸುಮ್ಮನಾದೆ. ಅದು ನನ್ನದೇ ತಪ್ಪು. ತುಳುವಿನಲ್ಲಿ ಅವನು ಎಷ್ಟು ಚೆನ್ನಾಗಿ ಕಥೆ ಹೇಳುತ್ತಾನೆಂದು ತಾಯಿಯನ್ನು ಕೇಳಿದ್ದರೆ, ತೊಡಕಿರುವುದು ಮಾತಿನಲ್ಲಲ್ಲ, ಅಕ್ಷರಕ್ಕೂ ಧ್ವನಿಗೂ ಇರುವ ನಂಟಿನಲ್ಲಿ ಎಂಬುದು ಅಂದೇ ಹೊಳೆಯುತ್ತಿತ್ತು.

2012ರಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಐದಾರು ವರ್ಷದ ಮಕ್ಕಳನ್ನು ಜೂನ್ ತಿಂಗಳಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ 40 ಪದಗಳನ್ನು ಓದಿಸುತ್ತಾರೆ. ಅವುಗಳಲ್ಲಿ 20 ಅರ್ಥವೇ ಇಲ್ಲದ, ಹೊಸದಾಗಿ ಕಟ್ಟಿದ ಪದಗಳು. ಆ ಹಾಳೆಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಆ ಹುಡುಗನ ಬೆರಳೇ ಕಣ್ಣಿಗೆ ಕಟ್ಟಿತು. ಇಂಥ ಪದವನ್ನು ಯಾವ ಮಗುವೂ ಬಾಯಿಪಾಠ ಮಾಡಿಕೊಂಡು ಬರಲಾರದು.

ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಅಳುಕು ಬೇಡ. ಇಲ್ಲಿ ಓದು ಕಲಿಸುವಾಗ ‘ಮ’ ಎನ್ನದೆ ‘ಮ್’ ಎನ್ನಬೇಕು, ಆಗಲೇ ಮಗು ಧ್ವನಿಗಳನ್ನು ಕೂಡಿಸಬಲ್ಲದು. ಇಲ್ಲಿಯೇ ಹುಟ್ಟಿ ಬೆಳೆದ ಶಿಕ್ಷಕರಿಗೂ ಇದನ್ನು ರೂಢಿ ಮಾಡಿಸಬೇಕಾಗುತ್ತದೆ, ಆದರೆ ಕಾಗುಣಿತ ಕಲಿಸಿದ ನಿಮಗೆ ಸ್ವರ ಸೇರದ ವ್ಯಂಜನ ಹೊಸತಲ್ಲ. ನಾವು ‘ವ’ ಎಂದೇ ಹೇಳಿಬಿಡುವ ‘ವಿ’ ಮತ್ತು ‘ಡಬ್ಲ್ಯೂ’ಗಳನ್ನು ಮಾತ್ರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ: ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು.

ತರಗತಿಯ ಶಿಕ್ಷಕರಿಗೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್ ಕೆಲಸದಿಂದ ಆರಂಭಿಸಿ. ಸಂಬಳ ಕಡಿಮೆ, ಅಪರಾಧದ ಹಿನ್ನೆಲೆ ಇದೆಯೇ ಎಂದು ನೋಡುವ ಡಿಬಿಎಸ್ ತಪಾಸಣೆಯೂ ಆಗಬೇಕು. ಮುಂದೆ ವಿಶೇಷ ಅಗತ್ಯಗಳ ಮಕ್ಕಳ ಹೊಣೆ ಹೊರುವ ಸೆಂಕೊ ಆಗಬೇಕೆಂದರೆ ಇಲ್ಲಿನ ಶಿಕ್ಷಕ ಅರ್ಹತೆಯಾದ ಕ್ಯೂಟಿಎಸ್ ಪಡೆಯಲೇಬೇಕು.

ಗುಜರಾತಿ ಮನೆಮಾತಿನ ಮಗು ಓದಿನಲ್ಲಿ ಹಿಂದೆ ಬಿದ್ದರೆ, ‘ಇಂಗ್ಲಿಷ್ ಹೊಸತು, ತಾನಾಗಿ ಸರಿಹೋಗುತ್ತದೆ’ ಎಂದು ಕಾಯುವವರು ಇಲ್ಲಿಯೂ ಇದ್ದಾರೆ. ನೀವು ಕಾಯದೆ ತಾಯಿಯನ್ನು ಮಾತನಾಡಿಸಿ. ಅರ್ಜಿಯಲ್ಲಿ ಕುಂಬಳೆಯ ವರ್ಷಗಳನ್ನು ಒಂದೇ ಸಾಲಿನಲ್ಲಿ ಮುಗಿಸದೆ, ನಿಮ್ಮ ತರಗತಿಯಲ್ಲಿ ಯಾವ ಯಾವ ಮನೆಮಾತಿನ ಮಕ್ಕಳಿದ್ದರು, ಅವರಿಗೆ ಕನ್ನಡ ಓದಲು ಹೇಗೆ ಕಲಿಸಿದಿರಿ ಎಂಬುದನ್ನು ಬಿಡಿಸಿ ಬರೆಯಿರಿ. ಕಳುಹಿಸುವ ಮೊದಲು ನನಗೊಮ್ಮೆ ತೋರಿಸಿ.