ಗ್ಯಾಲಕ್ಸಿಯ ಡೈನಮೊ

ಪ್ರಶ್ನೆ: ಚಿತ್ರದುರ್ಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ನಮ್ಮ ಗ್ಯಾಲಕ್ಸಿಗೂ ಕಾಂತಕ್ಷೇತ್ರ ಇದೆ ಎಂದು ಮಗಳು ಹೇಳಿದಳು. ಅಲ್ಲಿ ಕಬ್ಬಿಣವಿಲ್ಲ, ಸುರುಳಿಯಿಲ್ಲ. ಅದು ಹುಟ್ಟಿದ್ದು ಹೇಗೆ, ಇನ್ನೂ ಉಳಿದಿರುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆ ಓದಿ ದಾವಣಗೆರೆಯಲ್ಲಿ ನಮ್ಮಕ್ಕನ ಮದುವೆಯ ರಾತ್ರಿ ನೆನಪಾಯಿತು. ಕರೆಂಟ್ ಹೋಗಿತ್ತು. ಜನರೇಟರ್ ಗಡಗಡ ಓಡುತ್ತಿದೆ, ಒಂದು ಬಲ್ಬೂ ಹತ್ತುತ್ತಿಲ್ಲ. ಮೆಕ್ಯಾನಿಕ್ ಬಂದವರು ಜೀಪಿನ ಬ್ಯಾಟರಿಯಿಂದ ಎರಡು ವೈರ್ ಎಳೆದು ಫೀಲ್ಡ್ ಕಾಯಿಲ್‌ಗೆ, ಅಂದರೆ ಜನರೇಟರಿಗೆ ಕಾಂತತ್ವ ಕೊಡುವ ಸುರುಳಿಗೆ, ಒಂದು ಕ್ಷಣ ಮುಟ್ಟಿಸಿದರು. ಚಪ್ಪರವೆಲ್ಲ ಬೆಳಕು! ಕಬ್ಬಿಣದಲ್ಲಿ ಉಳಿದಿರಬೇಕಾದ ಚೂರು ಕಾಂತತ್ವ ಹೋಗಿತ್ತು, ಅಷ್ಟೇ. ಬ್ಯಾಟರಿ ಆ ಚೂರು ಕೊಟ್ಟಿತು, ಮಿಕ್ಕದ್ದನ್ನು ಎಂಜಿನ್ ಮಾಡಿತು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಗ್ಯಾಲಕ್ಸಿಗೂ ಅಂಥ ಚೂರು ಬೇಕಿತ್ತು. ಅಲ್ಲಿ ತಾಮ್ರದ ಬದಲು ಅನಿಲವಿದೆ. ಅದರ ಎಲೆಕ್ಟ್ರಾನುಗಳು ಕಳಚಿಕೊಂಡರೆ ವಿದ್ಯುತ್ ಹರಿಯುತ್ತದೆ. ಇಂಥ ಅನಿಲದಲ್ಲಿ ಬಿಸಿ ಒಂದು ಕಡೆಗೆ, ಸಾಂದ್ರತೆ ಇನ್ನೊಂದು ಕಡೆಗೆ ಏರುತ್ತಿದ್ದರೆ ಅಯಸ್ಕಾಂತವೇ ಇಲ್ಲದೆ ಕರೆಂಟ್ ಶುರುವಾಗುತ್ತದೆ ಎಂದು ಜರ್ಮನಿಯ ವಿಜ್ಞಾನಿ ಲುಡ್ವಿಗ್ ಬೀರ್ಮನ್ 1950ರಲ್ಲಿ ತೋರಿಸಿದರು. ಅದನ್ನು ಬೀರ್ಮನ್ ಬ್ಯಾಟರಿ ಎಂದೇ ಕರೆಯುತ್ತಾರೆ. ಆ ಚೂರು ಬ್ರಹ್ಮಾಂಡದ ಆರಂಭದಲ್ಲೇ ಹುಟ್ಟಿರಬಹುದು ಎನ್ನುವವರೂ ಇದ್ದಾರೆ.

ಬೆಳೆಸಿದ್ದು ಯಾರು? ತಿರುಗಾಟ. ಗ್ಯಾಲಕ್ಸಿ ಬೀಸುವ ಕಲ್ಲಿನ ಹಾಗೆ ಇಡಿಯಾಗಿ ತಿರುಗುವುದಿಲ್ಲ. ಒಳಗಿನದು ಬೇಗ ಸುತ್ತು ಮುಗಿಸುತ್ತದೆ, ಹೊರಗಿನದು ಹಿಂದೆ ಬೀಳುತ್ತದೆ. ನಮ್ಮ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಬೇಕು. ಕಾಂತರೇಖೆಗಳು ಅನಿಲಕ್ಕೆ ಅಂಟಿಕೊಂಡಿರುವುದರಿಂದ ಅವೂ ಎಳೆತಕ್ಕೆ ಸಿಕ್ಕಿ ಉದ್ದವಾಗುತ್ತವೆ, ಕಾಂತಕ್ಷೇತ್ರ ಬಲಗೊಳ್ಳುತ್ತದೆ. ಆದರೆ ಬರೀ ಎಳೆದರೆ ಸಾಲದು. ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದರು. ಎಳೆಗೆ ಹುರಿ ಕೊಡದಿದ್ದರೆ ನೂಲಾಗುವುದಿಲ್ಲ ಅನ್ನುತ್ತಿದ್ದರು. ಗ್ಯಾಲಕ್ಸಿಯಲ್ಲಿ ಹುರಿ ಕೊಡುವುದು ಸಿಡಿಯುವ ನಕ್ಷತ್ರಗಳು. ಅವು ಅನಿಲವನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಗ್ಯಾಲಕ್ಸಿಯ ತಿರುಗಾಟದಿಂದ ಆ ಅನಿಲ ತಿರುಚಿಕೊಂಡೇ ಏರುತ್ತದೆ. ರೇಖೆಗಳೂ ತಿರುಚಿ ಹೊಸ ಕುಣಿಕೆಗಳಾಗುತ್ತವೆ. ತಿರುಗಾಟ ಮತ್ತೆ ಅವನ್ನು ಎಳೆಯುತ್ತದೆ. ಇದೇ ಗ್ಯಾಲಕ್ಸಿಯ ಡೈನಮೊ. ಅಮೆರಿಕದ ವಿಜ್ಞಾನಿ ಯೂಜೀನ್ ಪಾರ್ಕರ್ ಈ ಲೆಕ್ಕವನ್ನು 1955ರಲ್ಲಿ ಭೂಮಿ, ಸೂರ್ಯರಿಗೆ ಹಾಕಿದ್ದರು. 1971ರಲ್ಲಿ ಗ್ಯಾಲಕ್ಸಿಗೂ ಹೊಂದಿಸಿದರು.

ಅನಿಲದ ಅದೇ ಕುಲುಕಾಟ ಕಾಂತಕ್ಷೇತ್ರವನ್ನು ಅಳಿಸುತ್ತಲೂ ಇರುತ್ತದೆ. ಹೊಸದು ಹುಟ್ಟದಿದ್ದರೆ 100 ಕೋಟಿ ವರ್ಷದೊಳಗೆ ಅದು ಕರಗಿಹೋಗುತ್ತಿತ್ತು. ಗ್ಯಾಲಕ್ಸಿಯ ವಯಸ್ಸು 1,000 ಕೋಟಿ ವರ್ಷಕ್ಕಿಂತ ಜಾಸ್ತಿ. ಅಂದರೆ ಈಗ ಇರುವುದು ಹಳೆಯ ದಾಸ್ತಾನಲ್ಲ, ಇವತ್ತೂ ತಯಾರಾಗುತ್ತಿರುವ ಮಾಲು. ಅದರ ಬಲ ಭೂಮಿಯ ಕಾಂತಕ್ಷೇತ್ರದ ಸುಮಾರು ಲಕ್ಷದ ಒಂದು ಪಾಲು. ಅಷ್ಟಾದರೆ ಅನಿಲದ ಓಟವನ್ನೇ ಅದು ತಡೆಯತೊಡಗುತ್ತದೆ, ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ.

ಸುರುಳಿಯಿಲ್ಲ ಅಂದಿರಿ, ಅಲ್ವಾ? ಮಗಳಿಗೆ ಎಂ51 ಎಂಬ ಇನ್ನೊಂದು ಗ್ಯಾಲಕ್ಸಿಯ, ಕಾಂತರೇಖೆ ಗುರುತಿಸಿದ ರೇಡಿಯೊ ಚಿತ್ರ ಹುಡುಕಲು ಹೇಳಿ. ಕಾಂತರೇಖೆಗಳು ಅದರ ಸುರುಳಿ ತೋಳುಗಳ ಗುಂಟವೇ ಬಾಗಿ ಸಾಗುವುದನ್ನು ಇಬ್ಬರೂ ಕಣ್ಣಾರೆ ನೋಡಬಹುದು.