ಯೆಜ್ಡಿ ರೋಡ್‌ಕಿಂಗ್: ಎಂಜಿನ್ ಕಟ್ಟಿದ ಮೇಲೆ ಬಿಳಿ ಹೊಗೆ

ನಮಸ್ಕಾರ. ನಿಮ್ಮ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಬಿಚ್ಚಿ ಕಟ್ಟಿದ ಬಳಿಕ ಬಿಸಿಯಾದಾಗ ಎಂಜಿನ್ ವೇಗ ತಾನಾಗಿಯೇ ಏರುತ್ತದೆ, ಬಿಳಿ ಹೊಗೆ ನಿಲ್ಲುತ್ತಿಲ್ಲ, ಗೇರ್ ಆಯಿಲ್ ಕಡಿಮೆಯಾಗುತ್ತಿದೆ ಎಂದು ಬರೆದಿದ್ದೀರಿ. ಕಾರ್ಬ್ಯುರೇಟರನ್ನು (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಮತ್ತೆ ಬಿಚ್ಚುವ ಮೊದಲು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡು ತುದಿಗಳಲ್ಲಿ ಸೋರಿಕೆ ತಡೆಯುವ ಆಯಿಲ್ ಸೀಲುಗಳನ್ನು ಪರೀಕ್ಷಿಸಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಕೇಸೇ (ಕ್ರ್ಯಾಂಕ್‌ಕೇಸ್) ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುವ ಪಂಪಿನಂತೆ ಕೆಲಸ ಮಾಡುವುದರಿಂದ, ಎಡಗಡೆಯ ಸೀಲ್ ಸೋತರೆ ಕ್ಲಚ್ ಕಡೆಯ ಆಯಿಲ್ ಒಳಗೆ ಸೇರಿ ಹೊಗೆಯಾಗುತ್ತದೆ. ಬಲಗಡೆಯದು ಸೋತರೆ ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗಿ (ಪೆಟ್ರೋಲಿನ ಪಾಲು ಕಡಿಮೆಯಾಗಿ) ವೇಗ ಏರುತ್ತದೆ. ನಿಮ್ಮಲ್ಲಿ ಎರಡೂ ಲಕ್ಷಣಗಳಿರುವುದರಿಂದ ಎರಡೂ ಸೀಲುಗಳ ಮೇಲೆ ನನಗೆ ಅನುಮಾನ. ಜೋಡಿಸುವಾಗ ಸೀಲಿನ ತುಟಿ ಮಡಚಿಕೊಳ್ಳುವುದು ಸಾಮಾನ್ಯ; ನನಗೂ ಒಮ್ಮೆ ಹಾಗೆಯೇ ಆಗಿತ್ತು.

ಎಡಗಡೆಯ ಕವರ್ ಮತ್ತು ಬಲಗಡೆಯ ಡೈನಮೋ ತೆಗೆದು, ಕಾರ್ಬ್ಯುರೇಟರ್ ಹಾಗೂ ಎರಡೂ ಸೈಲೆನ್ಸರ್ ದಾರಿಗಳನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಪಿಸ್ಟನ್ನನ್ನು ಕೆಳತುದಿಗೆ ತಂದು, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಚದರ ಇಂಚಿಗೆ 5–6 ಪೌಂಡಿನಷ್ಟು ಒತ್ತಡದ ಗಾಳಿಯನ್ನು ಮಾತ್ರ ತುಂಬಿ, ಸೀಲುಗಳಿಗೂ ಕೇಸಿನ ಸಂದುಗಳಿಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಅಲ್ಲಿಯವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ. ತೆಳು ಮಿಶ್ರಣದಲ್ಲಿ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡೀತು.