ಹುಲ್ಲುಹಾಸಿನಿಂದ ಹಿತ್ತಿಲಿಗೆ

ಮುಂದಿನ ಹುಲ್ಲುಹಾಸಿಗೂ ಹಿತ್ತಿಲಿನ ತರಕಾರಿ ಮಡಿಗಳಿಗೂ ನಡುವೆ ಗೋಡೆ ಕಟ್ಟಿಸಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನೆರಳು ಬಿದ್ದ ಕಡೆ ಟೊಮೆಟೊ ಸೊರಗುತ್ತದೆ. ಅಲ್ಲೊಂದು ಕಮಾನು ನಿಲ್ಲಿಸಿ. 4 ಅಡಿ ಅಗಲ, 7 ಅಡಿ ಎತ್ತರ ಇರಲಿ. ಬಳ್ಳಿ ಜೋತುಬಿದ್ದರೂ ತಲೆಗೆ ತಾಗಬಾರದು. ಶಂಖಪುಷ್ಪ ಹಬ್ಬಿಸಿ. ನಾನು ಕಾಗದದ ಹೂವಿಗೆ ಮರುಳಾಗಿ, ನೀರಿನ ಕೊಡ ಹಿಡಿದು ನುಸುಳುವಾಗಲೆಲ್ಲ ತೋಳು ಗೀರಿಸಿಕೊಂಡೆ.

ಕಮಾನಿನ ಕೆಳಗೆ ನೆಲವೂ ಬದಲಾಗಬೇಕು. ಹುಲ್ಲು ಮುಗಿದಲ್ಲಿಂದ ಚಪ್ಪಡಿ ಕಲ್ಲು ಹಾಸಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 2 ಅಡಿ. ಮನೆಯ ಹಿರಿಯರನ್ನು ಒಮ್ಮೆ ನಡೆಸಿ ನೋಡಿಯೇ ಕಲ್ಲು ಕೂರಿಸಿ. ಅಂಚಿಗೆ ಕಾಮಕಸ್ತೂರಿ ನೆಟ್ಟರೆ ಸೆರಗು ಸೋಕಿದಾಗಲೆಲ್ಲ ಘಮ. ದಾರಿ ತುಸು ಓರೆಯಾಗಿರಲಿ, ಗೊಬ್ಬರದ ಗುಂಡಿ ಗೇಟಿನಿಂದಲೇ ಕಾಣದಂತೆ.